ಉಗ್ರಾಣದ ಗೂಡು

ಮದುವೆಯಾಗಿ ಬಂದು ಎರಡು ವರ್ಷ ಕಳೆದರೂ ರಕ್ಷಿತಾಳ ನೀಲಿ ಸೂಟ್‌ಕೇಸು ಖಾಲಿಯಾಗಿರಲಿಲ್ಲ. ಮಂಚದ ಕೆಳಗೆ, ಬಾಗಿಲಿಗೆ ಮುಖಮಾಡಿ, ನಾಳೆ ಬೆಳಗಿನ ಬಸ್ಸಿಗೆ ಹೊರಟವರ ಸಾಮಾನಿನ ಹಾಗೆ ಅದು ಕೂತಿರುತ್ತಿತ್ತು. ಕಾಲೇಜಿಗೆ ಹೊರಡುವಾಗ ಅವಳು ಅದನ್ನು ಹೊರಕ್ಕೆಳೆದು, ಸೀರೆಯನ್ನೋ ಚೂಡಿದಾರವನ್ನೋ ತೆಗೆದುಕೊಂಡು, ಮತ್ತೆ ಒಳಕ್ಕೆ ತಳ್ಳುತ್ತಿದ್ದಳು. ಕೆಂಪು ಗಾರೆಯ ನೆಲದ ಮೇಲೆ ಅದರ ಚಕ್ರಗಳು ಗರಗರ ಎಂದಾಗಲೆಲ್ಲ ಅಡುಗೆಮನೆಯಲ್ಲಿದ್ದ ಅತ್ತೆ ಕಮಲಮ್ಮನಿಗೆ ತಮ್ಮ ಎದೆಯ ಮೇಲೇ ಏನೋ ಉರುಳಿದಂತಾಗುತ್ತಿತ್ತು.

ಮಗ ಸುಪ್ರೀತನ ಮದುವೆಯ ಹಿಂದಿನ ವಾರ ಕಮಲಮ್ಮ ತಾವೇ ಕೂತು ಅವನ ಬೀರುವಿನ ಅರ್ಧ ಭಾಗವನ್ನು ಖಾಲಿ ಮಾಡಿದ್ದರು. ಹಲಗೆಗಳಿಗೆ ಹೊಸ ಕಾಗದ ಹಾಸಿ, ಮೂಲೆಯಲ್ಲಿ ಲಾವಂಚದ ಕಟ್ಟೊಂದನ್ನು ಇಟ್ಟಿದ್ದರು. ಲಾವಂಚದ ವಾಸನೆ ಹೋಗಿ ಎಷ್ಟೋ ಕಾಲವಾಯಿತು. ಆ ಅರ್ಧ ಬೀರು ಮಾತ್ರ ಇನ್ನೂ ಖಾಲಿಯೇ ಇತ್ತು.

ಯಾಕಮ್ಮ ಎಂದು ಒಂದು ಮಾತು ಕೇಳಬಹುದಿತ್ತು. ಆದರೆ ವಿದ್ಯಾರಣ್ಯಪುರದ ಆ ಹಳೆಯ ಮನೆಯಲ್ಲಿ ಕೇಳುವ ಪದ್ಧತಿಯೇ ಇರಲಿಲ್ಲ. ಮನೆ ಕಟ್ಟಿಸಿದವರು ಕಮಲಮ್ಮನ ಮಾವ. ಅರಮನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದವರು. ಊಟಕ್ಕೆ ಕೂತವರನ್ನು ‘ಬೇಕಾ’ ಎಂದು ಕೇಳುವುದು ಬಡಿಸುವವನ ಸೋಮಾರಿತನ ಎನ್ನುತ್ತಿದ್ದರು ಅವರು. ಎಲೆ ನೋಡಿ ತಿಳಿಯಬೇಕು, ಮುಖ ನೋಡಿ ತಿಳಿಯಬೇಕು. ಬಾಯಿಬಿಟ್ಟು ಕೇಳಿದರೆ ಎದುರಿಗಿರುವವರು ಸಂಕೋಚಪಟ್ಟು ಬೇಡವೆಂದುಬಿಡುತ್ತಾರೆ, ಅಲ್ಲಿಗೆ ಉಪಚಾರ ಕೆಟ್ಟಿತು. ಬಿ.ಎ. ಮುಗಿಸಿ ಸೊಸೆಯಾಗಿ ಬಂದ ಕಮಲಮ್ಮ ಕಾಲೇಜಿನ ಎಷ್ಟೋ ಪಾಠಗಳನ್ನು ಮರೆತರು, ಇದನ್ನು ಮರೆಯಲಿಲ್ಲ. ಅವರು ಬಂದ ಹೊಸದರಲ್ಲಿ ಅಡುಗೆಮನೆಯ ಕಟ್ಟೆ ಅವರಿಗೆ ಎದೆಮಟ್ಟ ಬರುತ್ತಿತ್ತು. ಅದು ಆಜಾನುಬಾಹುವಾದ ಅತ್ತೆಯ ಅಳತೆಗೆ ಕಟ್ಟಿಸಿದ್ದು. ಕಮಲಮ್ಮ ಏನೂ ಹೇಳಲಿಲ್ಲ. ಅತ್ತೆ ಏನೂ ಕೇಳಲಿಲ್ಲ. ಮಾರನೆಯ ದಿನ ಒಲೆಯ ಮುಂದೆ ನಿಲ್ಲಲು ಒಂದು ಹಲಸಿನ ಮಣೆ ಬಂದು ಬಿದ್ದಿತ್ತು. ಆ ಮಣೆಯನ್ನು ಕಂಡು ಅವತ್ತು ಅವರ ಕಣ್ಣು ತುಂಬಿತ್ತು. ಈಗ ಅತ್ತೆಯೂ ಇಲ್ಲ, ಮಾವನೂ ಇಲ್ಲ. ಕಮಲಮ್ಮ ಇನ್ನೂ ಮಣೆಯ ಮೇಲೆಯೇ ನಿಂತು ಸಾರು ಕುದಿಸುತ್ತಿದ್ದರು.

ಹೀಗೆ ಎರಡು ವರ್ಷ ಅವರು ಸೊಸೆಯನ್ನು ಕೇಳಲಿಲ್ಲ, ಗಮನಿಸಿದರು. ರಕ್ಷಿತಾ ಕೆಸರೆಯ ಬೆಲ್ಲದ ವ್ಯಾಪಾರಿ ಗುರುಮಲ್ಲಪ್ಪನವರ ಮಗಳು, ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಳು. ಸುಪ್ರೀತ್ ವಕೀಲ, ಗುರುಮಲ್ಲಪ್ಪನವರ ಅಂಗಡಿಯದೊಂದು ವ್ಯಾಜ್ಯ ನೋಡಲು ಹೋಗಿದ್ದವನು ಮಗಳನ್ನು ನೋಡಿಕೊಂಡು ಬಂದಿದ್ದ. ಫೀಸು ತಾರೋ ಎಂದು ಕಳಿಸಿದರೆ ಸೊಸೆಯನ್ನು ತಂದ ಎಂದು ಅವನ ತಂದೆ, ನಿವೃತ್ತ ಗಣಿತದ ಮೇಷ್ಟರು ಬಿಂದುಮಾಧವರಾಯರು, ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಹುಡುಗಿಯ ಮನೆಯವರು ಲಿಂಗಾಯತರು, ಇವರು ಬ್ರಾಹ್ಮಣರು. ಎರಡೂ ಕಡೆ ಕೆಲವು ದಿನ ಮುಖಗಳು ಬಿಗಿದುಕೊಂಡು ಆಮೇಲೆ ಸಡಿಲವಾದವು. ಹುಡುಗಿಯ ತಾಯಿ ಪಾರ್ವತಮ್ಮ ಕೇಳಿಕೊಂಡದ್ದು ಒಂದೇ ಮಾತು. ಧಾರೆಯ ದಿನ ಕಮಲಮ್ಮನ ಎರಡೂ ಕೈ ಹಿಡಿದುಕೊಂಡು, “ಅವಳ ಲಿಂಗಪೂಜೆ ಒಂದು ನಡೆಸ್ಕೊಂಡೋಗಾಕೆ ಬುಡಿ ಕಮಲಮ್ಮೋರೆ, ಇನ್ನೇನೂ ಕೇಳಾಕಿಲ್ಲ ನಾನು” ಎಂದಿದ್ದರು. ಅದಕ್ಕೇನು ಅಡ್ಡಿಯಿಲ್ಲ ಎಂದು ಕಮಲಮ್ಮ ಮಾತು ಕೊಟ್ಟಿದ್ದರು.

ಅಡ್ಡಿಯನ್ನೇನೋ ಮಾಡಲಿಲ್ಲ. ಜಾಗವನ್ನಾದರೂ ಕೊಟ್ಟೆನೇ ಎಂದು ಅವರಿಗೆ ಅನ್ನಿಸಿದ್ದು ಒಂದು ಬೆಳಿಗ್ಗೆ. ಕಾಫಿ ಹಿಡಿದು ಹೋಗುವಾಗ ಸೊಸೆಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ಸ್ನಾನ ಮಾಡಿ ತಲೆಗೆ ಟವೆಲು ಸುತ್ತಿಕೊಂಡ ರಕ್ಷಿತಾ ಮಂಚದ ಅಂಚಿನ ಮೇಲೆ, ಬಾಗಿಲಿಗೆ ಬೆನ್ನುಹಾಕಿ, ಕಿಟಕಿಗೆ ಮುಖಮಾಡಿ ಕೂತಿದ್ದಳು. ಕಿಟಕಿಯ ಕಟ್ಟೆಯ ಮೇಲೆ, ಸುಪ್ರೀತನ ಕೇಸಿನ ಫೈಲುಗಳ ಸಂದಿಯಲ್ಲಿ, ಒಂದು ಪುಟ್ಟ ನೀರಿನ ಲೋಟ, ವಿಭೂತಿಯ ಗಟ್ಟಿ, ಎರಡು ಬಿಲ್ವಪತ್ರೆ. ಕಮಲಮ್ಮ ತಟ್ಟನೆ ಹಿಂದೆ ಸರಿದರು. ಆ ಹೊತ್ತಿನಲ್ಲಿ ಕದ್ದು ನೋಡಬಾರದೆಂಬ ಮರ್ಯಾದೆ. ಆದರೆ ಕಂಡದ್ದು ಕಣ್ಣಿನಿಂದ ಹೋಗಲಿಲ್ಲ. ತಮ್ಮ ಮನೆಯ ಸಾಲಿಗ್ರಾಮಕ್ಕೆ ತೇಗದ ಮಂಟಪವಿದೆ, ಬೆಳ್ಳಿಯ ತಟ್ಟೆಯಿದೆ, ಮೇಷ್ಟರು ದಿನಾ ಅದನ್ನು ಸಂಪುಟದಿಂದ ತೆಗೆದು, ಕೂರಿಸಿ, ಅಭಿಷೇಕ ಮಾಡಿ ಮತ್ತೆ ಒಳಗಿಡುತ್ತಾರೆ. ಲಿಂಗವನ್ನು ಕೊರಳಲ್ಲಿ ಧರಿಸುತ್ತಾರೆಂದು ಕಮಲಮ್ಮನಿಗೆ ಗೊತ್ತಿತ್ತು. ಪೂಜೆಯ ಹೊತ್ತಿಗೆ ಅದನ್ನೂ ತೆಗೆದು ಎಲ್ಲಾದರೂ ಕೂರಿಸಲೇಬೇಕಲ್ಲ. ಆ ಹುಡುಗಿ ತನ್ನ ದೇವರನ್ನು ಕೋರ್ಟಿನ ಕಾಗದಗಳ ನಡುವೆ ಕೂರಿಸಿಕೊಂಡಿದೆ. ದೇವರಿಗೇ ಜಾಗವಿಲ್ಲದ ಮನೆಯಲ್ಲಿ ಅವಳು ಪೆಟ್ಟಿಗೆ ಬಿಚ್ಚುವುದಾದರೂ ಹೇಗೆ?

ಆ ವರ್ಷದ ಮಳೆಗೆ ಮಗನ ಕೋಣೆಯ ಗೋಡೆ ಒದ್ದೆಯಾಗಿ ಗಾರೆ ಉದುರಿತು. ಹಳೇ ವೈರುಗಳು ಒಂದೆರಡು ಕಡೆ ಕಿಡಿ ಹಾರಿಸಿದವು. ಇನ್ನು ತೇಪೆ ಹಾಕಿ ಪ್ರಯೋಜನವಿಲ್ಲ, ಮನೆಯನ್ನು ಸರಿಯಾಗಿಯೇ ರಿಪೇರಿ ಮಾಡಿಸೋಣ ಎಂದು ಎಲ್ಲರೂ ಕೂತು ತೀರ್ಮಾನಿಸಿದರು. ಗೋಡೆ ಕೆರೆದು ಗಾರೆ, ಪೂರ್ತಿ ಹೊಸ ವೈರಿಂಗು, ಮಗನ ಕೋಣೆಗೆ ಸೇರಿದಂತೆ ಬಚ್ಚಲು, ಅಡುಗೆಮನೆಗೆ ಹೊಸ ಕಟ್ಟೆ. ಮೂಡಣ ಮೂಲೆಯ ಉಗ್ರಾಣದ ಕೋಣೆ ಮೇಷ್ಟರ ಪುಸ್ತಕಗಳಿಗೆ ಎಂದೂ ಆಯಿತು. ಮೇಷ್ಟರು ಅವತ್ತೇ ಟೇಪು ಹಿಡಿದು ಉಗ್ರಾಣದ ಗೋಡೆಗಳನ್ನು ಅಳೆಯತೊಡಗಿದರು.

ಧೂಳಿನಲ್ಲಿ ಗಂಡಹೆಂಡತಿ ಇರುವುದು ಬೇಡವೆಂದು ರಕ್ಷಿತಾಳ ಅಣ್ಣ ಮಹೇಶ್ ಬಂದು ಕರೆದ. ದಟ್ಟಗಳ್ಳಿಯಲ್ಲಿ ಅವನದು ಹೊಸ ಮನೆ. ಮಹಡಿ ಖಾಲಿಯಿತ್ತು, ಗಾಳಿ ಬೆಳಕು ಧಾರಾಳ, ರಕ್ಷಿತಾಳ ಕಾಲೇಜಿಗೂ ಹತ್ತಿರ. ಕೆಲಸ ಮುಗಿಯುವ ತನಕ ಬಂದಿರಲಿ ಎಂದ. ಹೋಗುವ ದಿನ ಸುಪ್ರೀತ್ ಎರಡು ಬ್ಯಾಗು ತುಂಬಲು ಇಡೀ ಬೆಳಿಗ್ಗೆ ಒದ್ದಾಡಿದ. ರಕ್ಷಿತಾಳಿಗೆ ಕಟ್ಟುವ ಕೆಲಸವೇ ಇರಲಿಲ್ಲ. ನೀಲಿ ಸೂಟ್‌ಕೇಸು ಗರಗರ ಎನ್ನುತ್ತ ನಡುಮನೆ ದಾಟಿ, ಹೊಸಿಲು ದಾಟಿ ಹೋಯಿತು. ಜಗಲಿಯಲ್ಲಿ ಮಗ ತಂದೆಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದುದು ಕಮಲಮ್ಮನ ಕಿವಿಗೆ ಬಿತ್ತು: “ಅಲ್ಲೇ ಇದ್ಬಿಡಿ ಅಂತಾನೆ ಮಹೇಶ. ಅವಳಿಗೆ ಎಲ್ಲಿ ಮನಸ್ಸಿಗೆ ಹಿಡಿಸುತ್ತೋ ನೋಡೋಣಪ್ಪ.”

ಮೇಷ್ಟರು ಹೂಂ ಎಂದರು, ಅಷ್ಟೇ. ದಟ್ಟಗಳ್ಳಿ ಏನು ದೇಶಾಂತರವಲ್ಲ, ಅರ್ಧ ಗಂಟೆಯ ದಾರಿ. ಮಕ್ಕಳು ಬೇರೆ ಮನೆ ಮಾಡುವುದೇನು ಹೊಸದೂ ಅಲ್ಲ. ಆದರೂ ಕಮಲಮ್ಮನಿಗೆ ಅವತ್ತು ಊಟ ಸೇರಲಿಲ್ಲ. ಆ ಹುಡುಗಿ ಇಲ್ಲಿಯೇ ಇರಬೇಕೆಂಬ ಹಟವೇನೂ ಅವರಿಗಿರಲಿಲ್ಲ. ಇದು ನನ್ನ ಮನೆ ಎಂದು ಒಂದು ದಿನವೂ ಅನ್ನಿಸದೆ ಹೋಗಿಬಿಟ್ಟಳಲ್ಲ ಎಂಬುದೇ ಸಂಕಟ. ಹಾಗೆ ಅನ್ನಿಸುವಂತೆ ಮಾಡಲು ಇನ್ನು ಉಳಿದಿರುವುದು ಈ ರಿಪೇರಿಯ ದಿನಗಳು ಮಾತ್ರ.

ಅದೇ ಸಂಜೆ ಅವರು ಉಗ್ರಾಣಕ್ಕೆ ಹೋಗಿ ನಿಂತರು. ಉಪ್ಪಿನಕಾಯಿಯ ಭರಣಿಗಳು, ಹಿತ್ತಾಳೆ ಕೊಳಗ, ದಸರೆಯ ಗೊಂಬೆಗಳ ಡಬ್ಬಗಳು. ಮೂಡಲ ಕಿಟಕಿಯ ಪಕ್ಕದ ಗೋಡೆಯಲ್ಲಿ ಹಿಂದೆ ದೀಪವಿಡುತ್ತಿದ್ದ ಒಂದು ಗೂಡಿತ್ತು. ಕರೆಂಟು ಬಂದ ಮೇಲೆ ಅದನ್ನು ಇಟ್ಟಿಗೆಯಿಟ್ಟು ಮುಚ್ಚಿದ್ದರು. ಅದರ ಕಮಾನು ಸುಣ್ಣದ ಕೆಳಗೆ ಇನ್ನೂ ಮಬ್ಬಾಗಿ ಕಾಣುತ್ತಿತ್ತು. ಅಲ್ಲಿಗೆ ಕಮಲಮ್ಮನ ತೀರ್ಮಾನವಾಯಿತು.

ಉಳಿದದ್ದು ಮೇಷ್ಟರಿಗೆ ಹೇಳುವ ಕೆಲಸ. ಅವರು ಅಷ್ಟರಲ್ಲಿ ಶೆಲ್ಫಿನ ನಕ್ಷೆಯನ್ನು ಬರೆದು ಮುಗಿಸಿದ್ದರು. ಬೀಜಗಣಿತಕ್ಕೆ ಒಂದು ಖಾನೆ, ಪಂಚಾಂಗಗಳಿಗೆ ಒಂದು. ಕಮಲಮ್ಮ ಮಜ್ಜಿಗೆ ಕೊಟ್ಟು, ಪಕ್ಕದಲ್ಲಿ ಕೂತು, ಸೊಸೆಯ ಕಿಟಕಿಯ ಕಟ್ಟೆಯ ವಿಷಯವನ್ನು ನಿಧಾನವಾಗಿ ಹೇಳಿದರು. ಮೇಷ್ಟರು ನಕ್ಷೆಯನ್ನು ಸ್ವಲ್ಪ ಹೊತ್ತು ನೋಡಿ, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು.

“ನನ್ನ ಪುಸ್ತಕ ನಡುಮನೇಲೇ ಬಿದ್ದಿರ್ಲಿ ಬಿಡು. ಅವಕ್ಕೇನು ಮಡೀನಾ ಮೈಲಿಗೇನಾ.”

ಎರಡು ದಿನದ ಮೇಲೆ ಕಮಲಮ್ಮ ನೋಡುತ್ತಾರೆ, ಆ ನಕ್ಷೆಯ ಹಿಂಬದಿಯಲ್ಲಿ ಒಂದು ಗೂಡಿನ ಚಿತ್ರ: ಅಗಲ, ಎತ್ತರ, ಕಮಾನಿನ ಬಾಗು ಎಲ್ಲ ಲೆಕ್ಕ ಹಾಕಿ ಬರೆದದ್ದು. ಅದನ್ನು ಹೆಂಡತಿಯ ಕನ್ನಡಕದ ಕೆಳಗೆ ಸಿಕ್ಕಿಸಿ ಅವರು ವಾಕಿಂಗಿಗೆ ಹೋಗಿದ್ದರು.

ಗಾರೆ ಕೆಲಸಕ್ಕೆ ಬರುತ್ತಿದ್ದವನು ಲಿಂಗರಾಜು, ಅವನ ಜೊತೆ ಕಲಸಿದ ಗಾರೆ ಹೊತ್ತುಕೊಡಲು ಬೀರಮ್ಮ. ಗೂಡು ಬಿಡಿಸಬೇಕೆಂದಾಗ ಲಿಂಗರಾಜು ಯಾತಕ್ಕೆ ಎಂದು ಕೇಳಿದ. ದೇವರಿಗೆ ಎಂದರು ಕಮಲಮ್ಮ. ಯಾವ ದೇವರು, ಯಾರ ದೇವರು ಎಂದು ವಿವರಿಸಲು ಹೋಗಲಿಲ್ಲ, ಆ ಮನೆಯವರಿಗೆ ಅದು ಅಭ್ಯಾಸವೇ ಇಲ್ಲ. ತಮ್ಮ ಸಾಲಿಗ್ರಾಮದ ಸಂಪುಟವನ್ನು ತಂದು ಇಷ್ಟು ಗಾತ್ರಕ್ಕೆ ಒಂದು ಪೀಠ ಬರಲಿ ಎಂದು ತೋರಿಸಿದರು. ಪೀಠದ ಸುತ್ತ ಸಣ್ಣ ಅಂಚು. ಅಭಿಷೇಕದ ನೀರು ಹರಿದು ಹೋಗಲು ಹಿಂದೆ ಒಂದು ತೂತು, ಅದಕ್ಕೆ ಹೊರಗೋಡೆಯ ತನಕ ತಾಮ್ರದ ಕೊಳವೆ, ಕೆಳಗೆ ತುಳಸಿಯ ಗಿಡ. ಗೂಡಿನ ಒಳಗೆ ಬಿಳಿ ಬಣ್ಣ. ಕೋಣೆಗೆಲ್ಲ ಯಾವ ಬಣ್ಣವೆಂದು ಬಹಳ ಯೋಚಿಸಿ, ರಕ್ಷಿತಾ ಹೆಚ್ಚು ಉಡುವ ಸೀರೆಗಳನ್ನು ನೆನೆಸಿಕೊಂಡು, ಕೊನೆಗೆ ತಿಳಿ ಅರಿಸಿನ ಹೊಡೆಸಿದರು. ಕೆಂಪು ನೆಲವನ್ನು ಮುಟ್ಟಬೇಡ, ಬರೀ ಉಜ್ಜಿ ಮೇಣ ಹಾಕು ಎಂದರು. ಭರಣಿಗಳು ಅಡುಗೆಮನೆಯ ಮೂಲೆ ಸೇರಿದವು. ಗೊಂಬೆಗಳಿಗೆ ಎಲ್ಲೂ ಜಾಗವಾಗದೆ ರಟ್ಟಿನ ಡಬ್ಬಗಳಲ್ಲಿ ನಡುಮನೆಯ ಗೋಡೆಗೆ ಒರಗಿ ನಿಂತವು, ಮೇಷ್ಟರ ಪುಸ್ತಕಗಳ ಪಕ್ಕದಲ್ಲಿ. ಬಂದವರು ಅವುಗಳನ್ನು ಎಡವಿಕೊಂಡು ಓಡಾಡಿದರು.

ಅಡುಗೆಮನೆಯ ಉಸ್ತುವಾರಿಯನ್ನು ರಕ್ಷಿತಾ ವಹಿಸಿಕೊಂಡಿದ್ದಳು. ಕಾಲೇಜು ಮುಗಿಸಿ ದಟ್ಟಗಳ್ಳಿಗೆ ಹೋಗುವ ಮುನ್ನ ಸ್ಕೂಟರು ತಿರುಗಿಸಿಕೊಂಡು ಬಂದು ಲಿಂಗರಾಜುವಿನ ಜೊತೆ ಮಾತಾಡಿ ಹೋಗುತ್ತಿದ್ದಳು. ಆಗೆಲ್ಲ ಕಮಲಮ್ಮ ಉಗ್ರಾಣಕ್ಕೆ ಬೀಗ ಹಾಕಿ, ಬಣ್ಣ ಹಸಿಯಿದೆ ಎಂದು ಸುಳ್ಳು ಹೇಳಿದರು. ಒಂದು ದಿನ ಅವಳು ಸೀಮೆಸುಣ್ಣ ಹಿಡಿದು ಬಂದು, ಅತ್ತೆಯನ್ನು ಗೋಡೆಯ ಪಕ್ಕ ನಿಲ್ಲಿಸಿದಳು.

“ಮಣೆಯಿಂದ ಇಳೀರಿ ಅತ್ತೆ. ಚಪಾತಿ ಲಟ್ಟಿಸೋ ಹಾಗೆ ಕೈ ಇಡಿ. ಭುಜ ನೋಯ್ತದಾ ಹಿಂಗಿಟ್ರೆ? ಹಿಂಗೆ?”

ಕಮಲಮ್ಮನಿಗೆ ನಾಚಿಕೆಯೇ ಆಯಿತು. ಅವರ ಭುಜ ನೋಯುತ್ತದೆಯೇ ಎಂದು ಆ ಮನೆಯಲ್ಲಿ ಯಾರೂ ಕೇಳಿದವರಲ್ಲ. ಇರಲಿ ಬಿಡಮ್ಮ ಎಂದರು, ನಡೆಯುತ್ತೆ ಎಂದರು. ರಕ್ಷಿತಾ ಬಿಡಲಿಲ್ಲ; ಮೇಲೆ ಕೆಳಗೆ ಮಾಡಿಸಿ, ಹಾಂ, ಇಲ್ಲಿ ಸರಿ ಎಂದು ಅವರ ಬಾಯಿಂದಲೇ ಹೊರಡಿಸಿ, ಅಲ್ಲಿಗೆ ಒಂದು ಗೆರೆ ಎಳೆದು ಲಿಂಗರಾಜುವಿಗೆ ತೋರಿಸಿದಳು. ಸ್ಕೂಟರು ಹೋದ ಮೇಲೂ ಕಮಲಮ್ಮ ಆ ಬಿಳಿಯ ಗೆರೆಯನ್ನು ನೋಡುತ್ತ ನಿಂತಿದ್ದರು. ಎದೆ ತುಂಬಿತ್ತು, ಜೊತೆಗೊಂದು ಹೆದರಿಕೆ. ಹೊರಟುಹೋಗುವವರು ಮಾಡಿಕೊಟ್ಟು ಹೋಗುವ ಉಪಕಾರವೇ ಇದು?

ಕೆಲಸ ಮುಗಿದ ವಾರ, ಶುಕ್ರವಾರ, ಹೊಸ ಕಟ್ಟೆಯ ಮೇಲೆ ಹಾಲು ಉಕ್ಕಿಸುವುದೆಂದು ಮಗ ಸೊಸೆ ಬಂದರು. ಸೂಟ್‌ಕೇಸೂ ಬಂತು, ಹಳೆಯ ಜಾಗದಲ್ಲಿ, ಮಂಚದ ಕೆಳಗೆ ಹೋಗಿ ಕೂತಿತು. ಕಮಲಮ್ಮ ಮಣೆಯಿಲ್ಲದೆ, ಬರಿಯ ನೆಲದ ಮೇಲೆ ನಿಂತು ಹಾಲಿಟ್ಟರು. ಉಕ್ಕಿದ ಹಾಲಿಗೆ ಸಕ್ಕರೆ ಹಾಕಿ ಎಲ್ಲರಿಗೂ ಕೊಟ್ಟ ಮೇಲೆ, ರಕ್ಷಿತಾಳ ಕೈ ಹಿಡಿದು ಉಗ್ರಾಣದ ಬೀಗ ತೆಗೆದರು.

ಬೆಳಗಿನ ಬಿಸಿಲು ಅರಿಸಿನದ ಗೋಡೆಯ ಮೇಲೆ ಬಿದ್ದಿತ್ತು. ಕೆಂಪು ನೆಲ ಕನ್ನಡಿಯಂತಿತ್ತು. ನೆಲದ ಮೇಲೆ ಹೊಸ ಚಾಪೆ, ಗೋಡೆಯಲ್ಲಿ ಬೆಳ್ಳಗೆ ಆ ಗೂಡು. ನಿನ್ನ ಪೂಜೆಗೆ ಕಣಮ್ಮ ಎಂದರು ಕಮಲಮ್ಮ. ರಕ್ಷಿತಾ ಗೂಡಿನ ಹತ್ತಿರ ಹೋಗಿ ಪೀಠದ ಅಂಚಿನ ಮೇಲೆ ಬೆರಳಾಡಿಸಿದಳು. ಹಿಂದಿನ ತೂತನ್ನು ಬಗ್ಗಿ ನೋಡಿದಳು. ಬಾಗಿಲಲ್ಲಿದ್ದ ಸುಪ್ರೀತ್, ಅಮ್ಮಾ ಅದು, ಎಂದು ಏನೋ ಹೇಳಲು ಹೊರಟ. ಅವಳು ತಿರುಗಿ ಅವನನ್ನು ಒಮ್ಮೆ ನೋಡಿದಳು, ಅವನು ಸುಮ್ಮನಾದ.

“ತುಂಬಾ ಚೆನ್ನಾಗಿದೆ ಅತ್ತೆ” ಎಂದಳು ರಕ್ಷಿತಾ. ಅವಳ ಕಣ್ಣಲ್ಲಿ ನೀರಿತ್ತು. ಆದರೆ ಗಂಡನ ಕಡೆ ಬೀರಿದ ಆ ನೋಟವನ್ನು ಕಮಲಮ್ಮ ಗಮನಿಸದೆ ಬಿಡಲಿಲ್ಲ. ಗಮನಿಸುವುದರಲ್ಲಿ ಅವರು ಪಳಗಿದವರು.

ಮಾರನೆಯ ದಿನದಿಂದ ರಕ್ಷಿತಾ ಬೆಳಿಗ್ಗೆ ಸ್ನಾನ ಮಾಡಿ ಉಗ್ರಾಣಕ್ಕೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಹೊರಬಂದಾಗ ಹಣೆಯಲ್ಲಿ ವಿಭೂತಿ, ಗೂಡಿನಲ್ಲಿ ಒಂದು ದಾಸವಾಳ. ಅವಳು ಕಾಲೇಜಿಗೆ ಹೋದ ಮೇಲೆ ಕಮಲಮ್ಮ ಒಳಗೆ ಹೋಗಿ ನೋಡುತ್ತಿದ್ದರು. ಹೂವೇನೋ ಇರುತ್ತಿತ್ತು. ಆದರೆ ಪೀಠದ ಮೇಲೆ ವಿಭೂತಿಯ ಗುರುತಿಲ್ಲ, ನೀರಿನ ಹನಿಯಿಲ್ಲ. ತೂತಿಗೆ ಬೆರಳಿಟ್ಟು ನೋಡಿದರು: ಸಿಮೆಂಟಿನ ಪುಡಿ ಒಣಗಿದ್ದು ಹಾಗೇ ಇತ್ತು. ಹೊರಗೆ ತುಳಸಿಗೆ ಒಂದು ತೊಟ್ಟು ನೀರು ಬಿದ್ದಿರಲಿಲ್ಲ. ಹಾಗಾದರೆ ಅವಳು ತನ್ನ ದೇವರನ್ನು ಅಲ್ಲಿ ಕೂರಿಸುತ್ತಲೇ ಇಲ್ಲ. ಹೂವು ಬರೀ ಅತ್ತೆಯ ಸಮಾಧಾನಕ್ಕೆ. ಆ ಕೋಣೆ ಅವಳಿಗೆ ಒಗ್ಗಲಿಲ್ಲ, ಹೇಳಲು ಸಂಕೋಚ. ಇತ್ತ ಸೂಟ್‌ಕೇಸು ದಿನವೂ ಗರಗರ ಎನ್ನುತ್ತಿತ್ತು. ಮಹೇಶನ ಫೋನು ಎರಡು ಸಲ ಬಂತು. ರಕ್ಷಿತಾ, ಹೇಳ್ತೀನಿ ಇರಣ್ಣ, ಎಂದು ಹಿತ್ತಲಿಗೆ ಹೋಗಿ ಮಾತಾಡಿದಳು.

ಗುಟ್ಟು ರಟ್ಟಾಗಿದ್ದು ಮುಂದಿನ ವಾರದ ಭಾನುವಾರ, ಪಾರ್ವತಮ್ಮ ಬಂದಾಗ. ಬೀಗಿತ್ತಿಗೆಂದು ಒಂದು ಬುಟ್ಟಿ ಅಚ್ಚುಬೆಲ್ಲ ತಂದಿದ್ದರು. ಹೊಸ ಅಡುಗೆಮನೆ ನೋಡಿದರು, ಹೊಸ ಬಚ್ಚಲು ನೋಡಿದರು, ನಡುಮನೆಯ ಗೊಂಬೆ ಡಬ್ಬವನ್ನು ಎಡವಿ ಶಿವ ಶಿವಾ ಎಂದರು. ಕೊನೆಗೆ ಉಗ್ರಾಣದ ಬಾಗಿಲಲ್ಲಿ ನಿಂತು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

“ಕ್ವಾಣೆ ಭಾಳ ಸಂದಾಕದೆ. ಇದ್ಯಾಕವ್ವ ಇಲ್ಲಿ ಗೂಡು? ತೂತು ಬ್ಯಾರೆ ಮಡಗವ್ರೆ. ಯಾರ್ನ ಕೂರ್ಸಕೆ?”

ರಕ್ಷಿತಾ ನಗುನಗುತ್ತಲೇ ತಾಯಿಯ ಕಾಲನ್ನು ಮೆಲ್ಲಗೆ ತುಳಿದಳು. ಪಾರ್ವತಮ್ಮ ಮಗಳ ಮುಖ ನೋಡಿದರು, ಕಮಲಮ್ಮನ ಮುಖ ನೋಡಿದರು, ಎಷ್ಟು ಬೆಳಕಾಗಿದೆ ಎಂದು ಕಿಟಕಿಯ ಕಡೆ ತಿರುಗಿಬಿಟ್ಟರು. ಕಾಲು ತುಳಿದದ್ದನ್ನು ಕಮಲಮ್ಮ ನೋಡಿದ್ದರು. ಊಟಕ್ಕೆ ಬಡಿಸುವಾಗಲೂ, ಎಲೆ ಅಡಿಕೆ ಕೊಡುವಾಗಲೂ ಅವರ ಕಣ್ಣೆದುರಿಗೆ ಆ ಪಾದ.

ಬೀಗಿತ್ತಿಯನ್ನು ಆಟೋ ಹತ್ತಿಸಿ ಬಂದ ಮೇಲೆ ಅವರು ನೇರ ಉಗ್ರಾಣಕ್ಕೆ ಹೋದರು. ರಕ್ಷಿತಾ ಚಾಪೆಯ ಮೇಲೆ ಕೂತು ಮಕ್ಕಳ ಟೆಸ್ಟಿನ ಹಾಳೆಗಳನ್ನು ತಿದ್ದುತ್ತಿದ್ದಳು. ಕಮಲಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ಅವಳ ಎದುರು ಕೂತರು. ಮಾವನವರು ಎಲ್ಲಿದ್ದರೂ ಕ್ಷಮಿಸಲಿ ಎಂದುಕೊಂಡರು.

“ರಕ್ಷಿತಾ, ಒಂದು ಕೇಳ್ತೀನಿ. ಸಂಕೋಚ ಮಾಡ್ಕೋಬೇಡ. ನಿನ್ನ ದೇವರು ಕೂರೋದು ಎಲ್ಲಮ್ಮ?”

ರಕ್ಷಿತಾ ಪೆನ್ನು ಕೆಳಗಿಟ್ಟಳು. ತನ್ನ ಎಡಗೈಯನ್ನು ಮುಂದೆ ಚಾಚಿ, ಅಂಗೈ ಬಿಡಿಸಿದಳು.

“ಇಲ್ಲಿ ಅತ್ತೆ.”

ಕಮಲಮ್ಮ ಆ ಅಂಗೈಯನ್ನು ನೋಡಿದರು. ಕೆಂಪು ಶಾಯಿಯ ಕಲೆಯಿತ್ತು. ರಕ್ಷಿತಾ ನಿಧಾನವಾಗಿ ಹೇಳಿದಳು. ಲಿಂಗವನ್ನು ಎಲ್ಲೂ ಕೆಳಗಿಡುವುದಿಲ್ಲ, ಕೊರಳಿಂದ ತೆಗೆದು ಅಂಗೈಯಲ್ಲೇ ಇಟ್ಟುಕೊಂಡು, ಅಲ್ಲೇ ನೀರು, ಅಲ್ಲೇ ವಿಭೂತಿ, ಅಲ್ಲೇ ಪತ್ರೆ. ಪೂಜೆ ಮುಗಿದರೆ ಮತ್ತೆ ಕೊರಳಿಗೆ. ಕೂರಲು ಒಂದು ಚಾಪೆಯಗಲ ನೆಲ ಸಿಕ್ಕಿದರೆ ಸಾಕು. ಕಮಲಮ್ಮ ಕಿಟಕಿಯ ಕಟ್ಟೆಯ ಮಾತೆತ್ತಿದರೆ, ಅಲ್ಲಿರುತ್ತಿದ್ದುದು ಬರೀ ನೀರು, ವಿಭೂತಿ, ಪತ್ರೆ ಎಂದಳು.

ಪೀಠ, ಅಂಚು, ತಾಮ್ರದ ಕೊಳವೆ! ಎಂಥ ಪೆದ್ದುತನ ಎಂದು ಕಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೊದಲೇ ಹೇಳಬಾರದಿತ್ತೇ ಎಂದರೆ, ಹೇಗೆ ಹೇಳಲಿ ಎಂದಳು ರಕ್ಷಿತಾ. ದಟ್ಟಗಳ್ಳಿಯ ಮಹಡಿಯಲ್ಲಿ ಬೇಕಾದಷ್ಟು ಕೋಣೆಗಳಿದ್ದವು, ಆದರೆ ಅವಳಿಗಾಗಿ ಯಾರೂ ಗೋಡೆ ಒಡೆಸಿರಲಿಲ್ಲ. ಇಲ್ಲಿ ಅತ್ತೆ ಭರಣಿ ಬಿಟ್ಟುಕೊಟ್ಟಿದ್ದಾರೆ, ಮಾವ ಶೆಲ್ಫು ಬಿಟ್ಟುಕೊಟ್ಟಿದ್ದಾರೆ. ಅದಕ್ಕೇ ದಿನಾ ಒಂದು ಹೂವಿಡುತ್ತಿದ್ದಳು. ಅದು ಸುಳ್ಳಿನ ಹೂವಲ್ಲ, ಅತ್ತೆ ಮಾವನ ಹೆಸರಿಗೆ ಇಟ್ಟದ್ದು ಎಂದಳು.

ಒಂದು ಕೇಳಿದ ಮೇಲೆ ಇನ್ನೊಂದು ಕೇಳುವುದು ಸುಲಭವಾಯಿತು.

“ಹಾಗಾದ್ರೆ ಆ ಸೂಟ್‌ಕೇಸು ಯಾಕಮ್ಮ ಇನ್ನೂ ಬಿಚ್ಚಿಲ್ಲ?”

ಈ ಸಲ ತಲೆ ತಗ್ಗಿಸಿದ್ದು ರಕ್ಷಿತಾ. ಅವಳ ತವರಿನಲ್ಲಿ ಸೊಸೆಯಾಗಿ ಬಂದವಳು ತನ್ನ ಪೆಟ್ಟಿಗೆಯನ್ನು ತಾನೇ ಬಿಚ್ಚುವ ವಾಡಿಕೆಯಿಲ್ಲವಂತೆ. ಅತ್ತೆಯಾದವಳು ಬಿಚ್ಚಿ, ಒಂದೊಂದೇ ಸೀರೆ ನೋಡಿ, ಮೆಚ್ಚಿ, ಬೀರುವಿನಲ್ಲಿ ಜೋಡಿಸಿ, ಖಾಲಿ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸುತ್ತಾಳೆ. ಇನ್ನು ನೀನು ಇಲ್ಲಿಯವಳು ಎಂದು ಅದರ ಅರ್ಥ. ಅಣ್ಣನ ಹೆಂಡತಿಗೆ ಪಾರ್ವತಮ್ಮ ಹಾಗೇ ಮಾಡಿದ್ದರು.

“ನೀವು ಮುಟ್ಲೇ ಇಲ್ಲ. ಒಂದ್ವಾರ ಕಾದೆ, ಒಂದ್ತಿಂಗ್ಳು ಕಾದೆ. ಆಮೇಲೆ ನಿಮ್ಗೆ ಇಷ್ಟ ಇಲ್ವೇನೋ ಅನ್ಕೊಂಬುಟ್ಟೆ.”

ಕಮಲಮ್ಮನ ಕಡೆ ಸೊಸೆಯ ಪೆಟ್ಟಿಗೆಗೆ ಕೈ ಹಾಕುವ ಅತ್ತೆಯ ಹೆಸರು ಬೀದಿಯಲ್ಲೆಲ್ಲ ಕೆಡುತ್ತದೆ. ಎರಡು ವರ್ಷ ಅವರು ಆ ಸೂಟ್‌ಕೇಸಿಗೆ ಬೆರಳು ತಾಕಿಸದೆ, ನೆಲ ಸಾರಿಸುವಾಗಲೂ ಸುತ್ತು ಬಳಸಿ ಸಾರಿಸಿ, ಅದನ್ನೇ ದೊಡ್ಡ ಮರ್ಯಾದೆ ಎಂದು ನಂಬಿಕೊಂಡಿದ್ದರು. ನಗು ಬಂತು, ಅಳುವೂ ಬಂತು. ಎರಡನ್ನೂ ತಡೆದುಕೊಂಡು ಸೊಸೆಯ ಭುಜ ಹಿಡಿದು ಎದ್ದು ನಿಂತರು.

“ನಡಿ, ಎಳಿ ಅದನ್ನ.”

ಸೂಟ್‌ಕೇಸು ಗರಗರ ಎಂದು ಹೊರಬಂತು. ಕಮಲಮ್ಮ ಮಂಚದ ಮೇಲೆ ಕೂತು ಒಂದೊಂದೇ ಸೀರೆಯನ್ನು ಮಡಿಲಿಗೆ ತೆಗೆದುಕೊಂಡರು. ಇದು ಯಾರು ಕೊಟ್ಟದ್ದು, ಇದರ ಬಣ್ಣ ಹೋಗುತ್ತದೆಯೇ, ಈ ರವಿಕೆಯ ತೋಳು ಯಾಕೆ ಇಷ್ಟು ಗಿಡ್ಡ ಎಂದು ಬಾಯಿ ತುಂಬ ಕೇಳಿದರು. ಎರಡು ವರ್ಷದ ಪ್ರಶ್ನೆಗಳೆಲ್ಲ ಒಂದೇ ಸಂಜೆ ಹೊರಬಿದ್ದವು. ರಕ್ಷಿತಾ ಉತ್ತರ ಹೇಳುತ್ತ ಬೀರುವಿನಲ್ಲಿ ಜೋಡಿಸಿದಳು. ನಡುವೆ ಒಮ್ಮೆ ಮಹೇಶನಿಗೆ ಫೋನು ಮಾಡಿ, ಮಹಡಿಗೆ ಬೇರೆ ಬಾಡಿಗೆಯವರನ್ನು ನೋಡಿಕೋ ಎಂದಳು. ಅತ್ತೆ ಎದುರಿಗೇ ಕೂತಿದ್ದರು. ಅವಳು ಹಿತ್ತಲಿಗೆ ಹೋಗಲಿಲ್ಲ.

ಸದ್ದು ಕೇಳಿ ಬಾಗಿಲಿಗೆ ಬಂದ ಮೇಷ್ಟರು ಎಲ್ಲವನ್ನೂ ನಿಂತು ಕೇಳಿಸಿಕೊಂಡರು. ಗೂಡಿನ ವಿಷಯಕ್ಕೆ ಅವರಿಗೇನೂ ಬೇಸರವಾಗಲಿಲ್ಲ. ಕಮಾನಿನ ಲೆಕ್ಕ ಸರಿ ಬಂದಿದೆಯಲ್ಲ, ಅಷ್ಟು ಸಾಕು ಎಂದರು. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

“ಕೇಳೋ ಕಾಲ ಬಂತು ಅಂದ್ಮೇಲೆ ನಾನೂ ಒಂದು ಹೇಳ್ಬಿಡ್ತೀನಿ ಕಣೇ. ನಂಗೆ ಹಾಗಲಕಾಯಿ ಗೊಜ್ಜು ಸೇರಲ್ಲ.”

ಕಮಲಮ್ಮ ಬೆಚ್ಚಿಬಿದ್ದರು. ಮದುವೆಯಾದ ಹೊಸದರಲ್ಲಿ ಅವರು ಮೊದಲು ಮಾಡಿದ ಅಡುಗೆಯೇ ಅದು. ಗಂಡ ಎರಡನೆಯ ಸಲ ಬಡಿಸಿಕೊಂಡು ತಿಂದದ್ದನ್ನು ಗಮನಿಸಿ, ಅಲ್ಲಿಂದ ಪ್ರತಿ ಗುರುವಾರ ತಪ್ಪದೆ ಮಾಡಿದ್ದರು. ಮೊದಲನೇದು ಬೇಗ ಖಾಲಿ ಮಾಡಿಬಿಟ್ಟರೆ ಪೀಡೆ ಕಳೆಯುತ್ತದೆ ಎಂದುಕೊಂಡಿದ್ದೆ, ನೀನು ಇನ್ನಷ್ಟು ಹಾಕಿಬಿಟ್ಟೆ ಎಂದರು ಮೇಷ್ಟರು. ರಕ್ಷಿತಾ ಸೀರೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಗೂಡು ಹಾಗೇ ಉಳಿಯಿತು. ಮುಚ್ಚಿಸುವ ಮಾತೆತ್ತಿದರೆ ರಕ್ಷಿತಾ ಒಪ್ಪಲಿಲ್ಲ. ಉಗ್ರಾಣದ ಎದುರು ಗೋಡೆಗೆ ಮೇಷ್ಟರ ಶೆಲ್ಫು ಬಂತು. ಬೆಳಗಿನ ಹೊತ್ತು ಕೋಣೆ ಅವಳದು, ಬಿಸಿಲೇರಿದ ಮೇಲೆ ಅವರದು. ಮೇಷ್ಟರ ಫೋನು ಚಾರ್ಜಿಗೆಂದು ಪೀಠದ ಮೇಲೆ ವಿರಾಜಮಾನವಾಯಿತು. ಸುಪ್ರೀತ್ ಹೊರಗಿನ ವರಾಂಡದ ಪ್ಲಗ್ಗಿನಿಂದ ವೈರನ್ನು ತಾಮ್ರದ ಕೊಳವೆಯೊಳಗೇ ತೂರಿಸಿ ತಂದು, ಅಮ್ಮ ಎಷ್ಟು ಮುಂದಾಲೋಚನೆಯಿಂದ ಮಾಡಿಸಿದ್ದಾಳೆ ನೋಡಿ ಎಂದು ತಾಯಿಯನ್ನು ರೇಗಿಸಿದ. ಅದರ ಪಕ್ಕದಲ್ಲಿ ದಿನಾ ಒಂದು ದಾಸವಾಳ ಇದ್ದೇ ಇರುತ್ತಿತ್ತು. ಕಮಲಮ್ಮ ಈಗ ಕೆಲವು ಬೆಳಿಗ್ಗೆ ಚಾಪೆಯ ತುದಿಯಲ್ಲಿ ಸುಮ್ಮನೆ ಹೋಗಿ ಕೂರುತ್ತಿದ್ದರು. ಕೂರಲೇ ಎಂದು ಮೊದಲ ದಿನ ಕೇಳಿಯೇ ಕೂತರು.

ಖಾಲಿ ಸೂಟ್‌ಕೇಸನ್ನು ಮಾತ್ರ ಅದನ್ನು ಬಿಚ್ಚಿದ ಸಂಜೆಯೇ ಅಟ್ಟಕ್ಕೆ ಏರಿಸಬೇಕೆಂದು ಕಮಲಮ್ಮ ಹಟ ಹಿಡಿದಿದ್ದರು. ಖಾಲಿ ಯಾಕೆ ಇಡುವುದು ಎಂದವಳು ರಕ್ಷಿತಾ. ಅತ್ತೆ ಸೊಸೆ ನಡುಮನೆಯಲ್ಲಿ ಕೂತು, ರಟ್ಟಿನ ಡಬ್ಬಗಳಿಂದ ಗೊಂಬೆಗಳನ್ನು ಒಂದೊಂದೇ ತೆಗೆದು, ಹಳೇ ಸೀರೆಯ ತುಂಡುಗಳಲ್ಲಿ ಸುತ್ತಿ ಅದರೊಳಗೆ ಮಲಗಿಸಿದರು. ಶೆಟ್ಟಿ, ಶೆಟ್ಟಿಯ ಹೆಂಡತಿ, ಆನೆ, ಎಲ್ಲಕ್ಕಿಂತ ಮೇಲೆ ಕಮಲಮ್ಮನ ತವರಿನಿಂದ ಬಂದ ಮರದ ರಾಜ ರಾಣಿ, ಪಟ್ಟದ ಗೊಂಬೆಗಳು. ಏಣಿಯ ಮೇಲೆ ನಿಂತ ಸುಪ್ರೀತ್ ಸೂಟ್‌ಕೇಸನ್ನು ಹೆಗಲಿಗೇರಿಸಿಕೊಂಡು ಏದುಸಿರು ಬಿಟ್ಟ. ಇದರಲ್ಲಿ ಏನಿಟ್ಟಿದ್ದೀರಿ, ಇಷ್ಟು ಭಾರ ಎಂದು ಕೇಳಿದ.

“ಮನೆಯವರು ಕಣೋ, ಜೋಪಾನ” ಎಂದರು ಕಮಲಮ್ಮ. “ದಸರೆ ತನಕ ಎಲ್ಲಿಗೂ ಹೋಗೋ ಹಾಗಿಲ್ಲ.”

ರಕ್ಷಿತಾ ಕೆಳಗೆ ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.